ಅನುಮಾನಕ್ಕೆ ಮೂರು ಕೊಸರೆಲೆ

“ಚಪ್ಪಲಿ! ಏ ಅಕ್ಕಾರ, ಚಪ್ಪಲಿ!”

ಆ ಕೂಗಿಗೆ ನಾನು ವೀಳ್ಯದೆಲೆಯ ಬಳ್ಳಿಗಳ ನಡುವೆ ಕಾಲು ಹುಗಿದವಳಂತೆ ನಿಂತುಬಿಟ್ಟೆ. ಆಗ ಸವಣೂರಿಗೆ ಬಂದು ಇನ್ನೂ ಮೂರು ವಾರವಾಗಿತ್ತಷ್ಟೆ. ಅದುವರೆಗೆ ಈ ಊರಿನಲ್ಲಿ ಯಾರೂ ನನ್ನ ಮೇಲೆ ದನಿ ಎತ್ತಿರಲಿಲ್ಲ. ತೋಟದ ಯಜಮಾನರಾದ ದಾದಾಪೀರಣ್ಣ ಎಲೆ ಕೊಯ್ಯುತ್ತಿದ್ದ ಏಣಿಯಿಂದ ಸರಸರನೆ ಇಳಿದು ಬಂದರು. ಅರವತ್ತು ದಾಟಿದವರು, ಬರಿಗಾಲು, ಮಡಿಚಿ ಕಟ್ಟಿದ ಲುಂಗಿ.

“ಒಳಗ ಚಪ್ಪಲಿ ಹಾಕ್ಕೊಂಡು ಯಾರೂ ಬರಂಗಿಲ್ರಿ. ನಮ್ಮ ಅಜ್ಜನ ಕಾಲದಿಂದ ಹಂಗ ಐತಿ. ಬಳ್ಳಿಗೆ ತಡಿಯೂದಿಲ್ಲ.”

ನಾನು ಗಾಬರಿಯಲ್ಲಿ ಚಪ್ಪಲಿ ಬಿಚ್ಚಿ ಎರಡನ್ನೂ ಕೈಯಲ್ಲಿ ಹಿಡಿದುಕೊಂಡೆ. ಅವರು ತಲೆ ತಲೆ ಚಚ್ಚಿಕೊಂಡರು. “ಕೈಯಾಗ ಹಿಡಕೊಂಡ್ರೂ ಒಳಗ ಬಂದಂಗ ಆತಲ್ರಿ!” ಇಲ್ಲಿನವರು ಬೈಯುವಾಗಲೂ ‘ರಿ’ ಬಿಡುವುದಿಲ್ಲ ಎಂಬುದು ನನಗೆ ಅಂದೇ ಗೊತ್ತಾದದ್ದು. ಓಡಿ ಹೋಗಿ ಬೇಲಿಯಾಚೆ ಚಪ್ಪಲಿ ಇಟ್ಟು ಬಂದು, ಬಂದ ಕೆಲಸ ಹೇಳಿದೆ. ಬೆಳಿಗ್ಗೆ ಆಸ್ಪತ್ರೆಯಲ್ಲಿ ಅವರಿಗೆ ಬಿಪಿ ಮಾತ್ರೆ ಕೊಟ್ಟಿದ್ದೆ, ಅದನ್ನೊಮ್ಮೆ ನೋಡಬೇಕಿತ್ತು. ಅವರು ಅಂಗಿಯ ಜೇಬಿನಿಂದ ಪೊಟ್ಟಣ ತೆಗೆದು ತೋರಿಸಿದರು.

“ಸರಿ ಅದಾವಿಲ್ರಿ?”

“ಸರಿ ಇವೆ.”

“ಮತ್ತ ಯಾಕ ಬಂದ್ರಿ?”

“ಹೀಗೇ ಬಂದೆ” ಎಂದು ಬೇಲಿಯ ಕಡೆ ತಿರುಗಿದೆ. ನನ್ನ ಊರು ಕೊಳ್ಳೇಗಾಲದ ಗೆಳತಿಯರು ಫೋನು ಮಾಡಿದಾಗಲೆಲ್ಲ “ಅಲ್ಲಿ ಹೇಗಿದ್ದೀಯೆ, ಹೊಂದಿಕೊಂಡೆಯಾ?” ಎಂದು ಕೇಳುತ್ತಾರೆ. ಊಟ, ಬಿಸಿಲು, ನೀರು ಎಂದು ಏನೇನೋ ಹೇಳಿ ಮುಗಿಸುತ್ತೇನೆ. ದಾದಾಪೀರಣ್ಣನ ಪ್ರಶ್ನೆಗೆ ಉತ್ತರ ಹೇಳದೆ ಆ ಕಥೆ ಪೂರ್ತಿಯಾಗುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಔಷಧಿ ಕೊಡುವವಳು. ಇಲ್ಲಿನ ಒಂದು ಸರ್ಕಾರಿ ಆರೋಗ್ಯ ಕೇಂದ್ರದ ಕಿಟಕಿಯ ಹಿಂದೆ ಕೂತು, ವೈದ್ಯರು ಬರೆದ ಚೀಟಿ ನೋಡಿ ಮಾತ್ರೆ, ಬಾಟಲಿ, ಮುಲಾಮು ಕೊಡುವುದು ನನ್ನ ಕೆಲಸ. ಮಾತ್ರೆಗೆ ಇಲ್ಲಿ ‘ಗುಳಗಿ’ ಎನ್ನುತ್ತಾರೆ. ಹಾಗಾಗಿ ನಾನು ವಾರದೊಳಗೆ ‘ಗುಳಗಿ ಅಕ್ಕಾರು’ ಆದೆ. ಮೂರು ವರ್ಷದ ಹಿಂದೆ ಬಡ್ತಿಯ ಜೊತೆಗೇ ವರ್ಗಾವಣೆ ಬಂದಾಗ, ನಲವತ್ತರ ಹೊಸ್ತಿಲಲ್ಲಿದ್ದ ನಾನು ಒಂದು ಸೂಟ್‌ಕೇಸು, ಒಂದು ಕುಕ್ಕರು ಹಿಡಿದು ಬಂದು ಇಳಿದೆ. ಮದುವೆಯ ತಾಪತ್ರಯವಿರಲಿಲ್ಲ, ಯಾರನ್ನೂ ಕೇಳಬೇಕಾಗಿರಲಿಲ್ಲ. ಕೊಳ್ಳೇಗಾಲದಲ್ಲಿ ತಂಗಿ ವನಜಾ, ಅವಳ ಗಂಡ, ಮಗಳು ಇದ್ದಾರೆ. ನನ್ನ ಬಳಗ ಅಷ್ಟೇ.

ಮನೆ ಸಿಕ್ಕಿದ್ದು ರಹಮತಬಿ ಚಾಚಿಯದು. ಓಣಿಯ ಮಂದಿಯೆಲ್ಲ ಅವರನ್ನು ಚಾಚಿ ಎನ್ನುವುದರಿಂದ ನನಗೂ ಚಾಚಿಯೇ. ಅವರ ಮಕ್ಕಳು ಖಾರ ಮಾಡಿ ಮಾರುತ್ತಾರೆ. ನಮ್ಮ ಕಡೆ ಖಾರ ಎಂದರೆ ಮೆಣಸಿನಕಾಯಿಯ ಪುಡಿ; ಇಲ್ಲಿ ಅದು ಕಡಲೆಹಿಟ್ಟಿನ ಕುರುಕಲು ತಿಂಡಿ, ಚಾದ ಜೊತೆ ಮಂಡಕ್ಕಿಗೆ ಬೆರೆಸಿ ತಿನ್ನುವಂಥದ್ದು. ಕೆಳಗೆ ಬಾಣಲೆಯಲ್ಲಿ ಎಣ್ಣೆ ಕಾಯುವ ವಾಸನೆ ಏಳುವಾಗಲೇ ಮೇಲಿನ ಕೋಣೆಯಲ್ಲಿ ನನಗೆ ಬೆಳಗಾಗುತ್ತದೆ. ಮೊದಲ ತಿಂಗಳು ಮುದ್ದೆ ಉಪ್ಸಾರಿಗೆ ಬಾಯಿ ಹಾತೊರೆಯಿತು. ಜೋಳದ ರೊಟ್ಟಿಯನ್ನು ಹೇಗೆ ಮುರಿಯಬೇಕೆಂದೇ ತಿಳಿಯದೆ ಹಪ್ಪಳದ ಹಾಗೆ ಪುಡಿ ಮಾಡಿ ತಿಂದೆ. ಚಾಚಿ ನೋಡಿ ನಗು ತಡೆದುಕೊಂಡು, “ಹಂಗಲ್ರಿ, ಪಲ್ಯಾ ಒಳಗ ಹಿಡೀರಿ” ಎಂದು ಸಣ್ಣ ಮಕ್ಕಳಿಗೆ ಕಲಿಸುವಂತೆ ಕಲಿಸಿದರು. ಈಗ ಶೇಂಗಾ ಚಟ್ನಿ ಇಲ್ಲದಿದ್ದರೆ ನನಗೆ ಊಟ ಸೇರುವುದಿಲ್ಲ.

ಊಟಕ್ಕೆ, ಮಾತಿಗೆ, ಬಿಸಿಲಿಗೆ ಹೊಂದಿಕೊಳ್ಳುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಬೇರೆ. ಕೊಳ್ಳೇಗಾಲದಲ್ಲಿ ಔಷಧಿ ತೆಗೆದುಕೊಂಡವರು ಮರುದಿನ ಸಂತೆಯಲ್ಲೋ ದೇವಸ್ಥಾನದಲ್ಲೋ ಎದುರಾಗುತ್ತಿದ್ದರು. ಎಲ್ಲ ಸರಿಯಿದೆಯೆಂದು ಅವರ ಮುಖ ನೋಡಿದರೆ ಸಾಕಾಗುತ್ತಿತ್ತು. ಇಲ್ಲಿ ನನಗೆ ಒಂದು ಮುಖವೂ ಪರಿಚಯವಿರಲಿಲ್ಲ. ಕಿಟಕಿಯಲ್ಲಿ ಪೊಟ್ಟಣ ತೆಗೆದುಕೊಂಡು ಅವರು ಬೆನ್ನು ತಿರುಗಿಸಿದ ಕೂಡಲೇ ಒಂದು ಯೋಚನೆ ಬರುತ್ತಿತ್ತು: ಕೊಟ್ಟದ್ದು ಸರಿಯಾ? ಅದರ ಹಿಂದೆಯೇ ಒಂದು ಚಿತ್ರ. ಚಾಪೆಯ ಮೇಲೆ ಮಲಗಿದ ಮಗು, ಎಬ್ಬಿಸಿದರೆ ಏಳುತ್ತಿಲ್ಲ, ಪಕ್ಕದಲ್ಲಿ ನಾನು ಕೊಟ್ಟ ಬಾಟಲಿ. ಇದು ಸುಳ್ಳೆಂದು ನನಗೆ ಗೊತ್ತು. ಗೊತ್ತಿದ್ದರೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಆ ಚಿತ್ರವನ್ನು ಹೊಡೆದೋಡಿಸಲು ಒಂದೇ ದಾರಿ ಕಂಡಿತ್ತು. ಹೋಗಿ ನೋಡಿ ಬರುವುದು.

ಹಾಗೇ ಎಲೆ ತೋಟಕ್ಕೆ ಹೋದದ್ದು. ಆಮೇಲೆ ಮಠದ ಹಿಂದಿನ ಓಣಿಗೆ, ಮಸೀದಿಯ ಮಗ್ಗುಲ ಮನೆಗೆ. “ಹೀಗೇ ಬಂದೆ” ಎನ್ನುತ್ತಿದ್ದೆ. ಜನ ಕೂರಿಸಿ ಚಾ ಕೊಡುತ್ತಿದ್ದರು. ಹೊಸ ಅಕ್ಕಾರಿಗೆ ಎಷ್ಟು ಕಾಳಜಿ ಎಂದು ಹೊಗಳುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು. ನೋಡಿ ಬಂದ ಸಮಾಧಾನ ಓಣಿಯ ತುದಿಯವರೆಗೂ ಬಾಳುತ್ತಿರಲಿಲ್ಲ. ಊರೊಳಗಿನವರಾದರೆ ಹೇಗೋ ನಡೆದುಹೋಗುತ್ತಿತ್ತು. ಬಸ್ ಸ್ಟ್ಯಾಂಡಿನ ಫಲಕದ ಮುಂದೆ ಮಾತ್ರ ನಿಂತುಬಿಡುತ್ತಿದ್ದೆ. ಹಾನಗಲ್, ಶಿಗ್ಗಾಂವಿ, ಹಾವೇರಿ ಎಂದು ಒಂದೊಂದು ಬಸ್ಸು ಹೊರಟಾಗಲೂ ನನ್ನ ಒಂದೊಂದು ಪೊಟ್ಟಣ ಕೈಗೆ ಸಿಗದಷ್ಟು ದೂರ ಹೋಯಿತು ಅನಿಸುತ್ತಿತ್ತು.

ತವರಿಗೆ ಬಂದಿದ್ದ ತಡಸದ ಯಲ್ಲವ್ವ ಎಂಬ ಹುಡುಗಿ ಒಂದು ದಿನ ತನ್ನ ಎರಡು ವರ್ಷದ ಮಗಳಿಗೆ ಜ್ವರದ ಔಷಧಿ ತೆಗೆದುಕೊಂಡು, ಹಾಗೇ ಗಂಡನ ಊರಿಗೆ ಬಸ್ಸು ಹತ್ತಿದಳು. ಮಧ್ಯಾಹ್ನದ ಹೊತ್ತಿಗೆ ನನ್ನ ತಲೆಯಲ್ಲಿ ಆ ಚಾಪೆ ಹಾಸಿಕೊಂಡಿತು. ತಲೆನೋವೆಂದು ಸುಳ್ಳು ಹೇಳಿ ಅರ್ಧ ದಿನ ರಜೆ ಹಾಕಿದೆ. ಶಿಗ್ಗಾಂವಿಗೆ ಹೋಗಿ, ಅಲ್ಲಿ ಬಸ್ಸು ಬದಲಿಸಿ, ತಡಸದಲ್ಲಿ ಕೇಳಿಕೊಂಡು ಅವಳ ಗಂಡನ ಮನೆ ಹುಡುಕಿದೆ. ಮಗು ಅಂಗಳದಲ್ಲಿ ಕೂತು ಖಾರ ಮಂಡಕ್ಕಿ ತಿನ್ನುತ್ತಿತ್ತು. ಬಾಟಲಿ ಸರಿಯಾಗಿತ್ತು, ಚೀಟಿ ಸರಿಯಾಗಿತ್ತು. ಯಲ್ಲವ್ವನ ಅತ್ತೆ ಮಾತ್ರ ನನ್ನನ್ನೂ ಬಾಟಲಿಯನ್ನೂ ಮತ್ತೆ ಮತ್ತೆ ನೋಡುತ್ತಿದ್ದರು. “ಏನರ ತಪ್ಪ ಆಗೈತೇನ್ರಿ?” ಎಂದು ಎರಡು ಸಲ ಕೇಳಿದರು. “ಇಲ್ಲಮ್ಮ, ಹೀಗೇ ಬಂದೆ” ಎಂದೆ. ಹಗುರವಾಗಿ ಬಸ್ಸು ಹತ್ತಿದೆ. ಶಿಗ್ಗಾಂವಿ ಬರುವಷ್ಟರಲ್ಲಿ ಮತ್ತೆ ಯೋಚನೆ: ಬಾಟಲಿಯ ಮೇಲಿನ ಅವಧಿ ನೋಡಿದೆನಾ?

ಮೂರನೆಯ ದಿನ ಯಲ್ಲವ್ವ ಮಗುವನ್ನು ಎತ್ತಿಕೊಂಡು ಕಿಟಕಿಯ ಮುಂದೆ ನಿಂತಳು. ಮಗುವಿನ ಮೈ ಕೆಂಡವಾಗಿತ್ತು.

“ಔಷಧ ಹಾಕೇ ಇಲ್ರಿ ಅಕ್ಕಾರ” ಎಂದಳು. “ನೀವು ಅಷ್ಟು ದೂರ ಓಡಿ ಬಂದಿದ್ರಿ. ಏನರ ಹೆಚ್ಚು ಕಡಿಮಿ ಇದ್ದ ಇರಬೇಕು, ಬಾಯಿಬಿಟ್ಟು ಹೇಳವಲ್ಲರು ಅಂತ ನಮ್ಮತ್ತಿ ಬಾಟ್ಲಿ ಚೆಲ್ಲಿಬಿಟ್ಟರು.”

ವೈದ್ಯರು ನೋಡಿದರು, ಮಗು ಮರುದಿನವೇ ಚೇತರಿಸಿಕೊಂಡಿತು. ಆದರೆ ಅಂದು ಔಷಧಿಯ ಕಪಾಟಿನ ಹಿಂದೆ ನಿಂತು ನಾನು ಅತ್ತುಬಿಟ್ಟೆ. ಇಷ್ಟು ದಿನ ನನ್ನ ತಪ್ಪಿನಿಂದ ಒಂದು ಮಗುವಿಗೆ ತೊಂದರೆಯಾದೀತು ಎಂದು ಹೆದರಿದ್ದೆ. ತೊಂದರೆಯಾದದ್ದು ನನ್ನ ಹೆದರಿಕೆಯಿಂದ. ಹೀಗೇ ಮುಂದುವರಿದರೆ ಆ ಕಿಟಕಿಯಲ್ಲಿ ಕೂರುವ ಯೋಗ್ಯತೆ ನನಗಿಲ್ಲ ಅನಿಸಿತು. ಹದಿನೈದು ವರ್ಷ ಮಾಡಿದ ಕೆಲಸ, ನಾನು ಚೆನ್ನಾಗಿ ಮಾಡಬಲ್ಲ ಒಂದೇ ಕೆಲಸ.

ಎಲ್ಲ ಈ ಪರವೂರಿನದೇ ಕಾಟ ಎಂದು ತೀರ್ಮಾನಿಸಿ, ವಾಪಸ್ ವರ್ಗಾವಣೆಗೆ ಅರ್ಜಿ ಬರೆದು ಕೊಟ್ಟೆ. ಗೌರಿ ಹಬ್ಬಕ್ಕೆ ಊರಿಗೆ ಹೋದೆ. ತಂಗಿಯ ಮನೆಯಲ್ಲಿ ಎರಡು ದಿನ ಚೆನ್ನಾಗಿಯೇ ಇದ್ದೆ. ಮೂರನೆಯ ದಿನ ಎಲ್ಲರೂ ಬಾಗಿನ ಕೊಡಲು ಹೊರಟಾಗ, ಗ್ಯಾಸು ಆರಿಸಿದೆವಾ ಎಂದು ನೋಡಲು ಒಳಗೆ ಹೋದೆ. ಬಂದೆ. ಮತ್ತೆ ಹೋದೆ. ಆರನೆಯ ಸಲ ವನಜಾ ಬಾಗಿಲಿಗೆ ಅಡ್ಡ ನಿಂತಳು.

“ಅಕ್ಕಾ, ಅಲ್ಲೂ ಹಿಂಗೇ ಮಾಡ್ತಿದ್ದೀಯಾ?”

ನಾನು ತಲೆ ತಗ್ಗಿಸಿದೆ. ಆಗ ತಿಳಿಯಿತು, ಅದು ಸವಣೂರಿನದಲ್ಲ. ನನ್ನ ಸೂಟ್‌ಕೇಸಿನಲ್ಲೇ ಹೋಗಿ ಬರುತ್ತಿತ್ತು. ಪರಿಚಿತರ ನಡುವೆ ಇದ್ದಾಗ ಅದಕ್ಕೆ ತಲೆ ಎತ್ತಲು ಜಾಗ ಸಿಕ್ಕಿರಲಿಲ್ಲ, ಅಷ್ಟೇ.

ತಿರುಗಿ ಬಂದು ಚಾಚಿಯ ಮುಂದೆ ಎಲ್ಲ ಹೇಳಿಕೊಂಡೆ. ಹುಚ್ಚು ಹಿಡಿದಿದೆ ಎಂದುಕೊಳ್ಳುತ್ತಾರೇನೋ ಎಂಬ ಅಳುಕಿತ್ತು. ಚಾಚಿ ಶೇಂಗಾ ಆರಿಸುತ್ತಿದ್ದ ಕೈ ನಿಲ್ಲಿಸಲೂ ಇಲ್ಲ.

“ನಮ್ಮ ಸಣ್ಣ ಮಗಗೂ ಹಂಗ ಇತ್ರಿ. ಕೈ ತೊಳಕೊಳ್ಳೂದು, ತೊಳಕೊಳ್ಳೂದು, ಚರ್ಮ ಸುಲದು ಹೋಗೂ ಮಟಾ. ಹಾವೇರಿಗೆ ಹೋಗಿ ಡಾಕ್ಟರಿಗೆ ತೋರ್ಸಿದ್ವಿ. ಈಗ ನೋಡ್ರಿ, ಹಿಟ್ಟಿನ ಕೈಲೇ ಚಾ ಕುಡಿತಾನ! ಮಂಗಳವಾರ ಹೋಗೂಣು, ನಾ ಬರ್ತೇನಿ ನಿಮ್ಮ ಕೂಡ.”

ಮಂಗಳವಾರ ಚಾಚಿ ನಿಜವಾಗಿಯೂ ಬುರ್ಖಾ ಹಾಕಿಕೊಂಡು, ಡಾಕ್ಟರಿಗೆಂದು ಒಂದು ಡಬ್ಬಿ ಖಾರ ಹಿಡಿದು ಬಸ್ಸು ಹತ್ತಿದರು. ಹಾವೇರಿಯ ಆ ಮನೋವೈದ್ಯೆ ನನಗಿಂತ ಚಿಕ್ಕವರು. ಎಲ್ಲ ಕೇಳಿಸಿಕೊಂಡು ಅವರು ಹೇಳಿದ್ದು ಇಷ್ಟೇ: “ಇಂಥಾ ಯೋಚನಿ ಎಲ್ಲಾರಿಗೂ ಬರ್ತಾವ್ರಿ. ಬರಬಾರ್ದು ಅಂತ ಗುದ್ದಾಡಿದಷ್ಟೂ ಗಟ್ಟಿ ಆಗ್ತಾವ. ಬಂದ್ರ ಬರ್ಲಿ. ನೀವು ಮಾತ್ರ ಎದ್ದು ಹೋಗಬ್ಯಾಡ್ರಿ. ಹೋಗಿ ನೋಡಿ ಬಂದ್ರ ಅದಕ್ಕ ಊಟಾ ಹಾಕಿದಂಗ ಆಗ್ತೈತಿ.” ಒಂದು ಸಣ್ಣ ಮಾತ್ರೆಯನ್ನೂ ಬರೆದುಕೊಟ್ಟರು. ಗುಳಗಿ ಅಕ್ಕಾರಿಗೂ ಗುಳಗಿ ಬಂತು ಎಂದು ಚಾಚಿ ದಾರಿಯುದ್ದಕ್ಕೂ ನಕ್ಕರು. ನನಗೂ ನಗು ಬಂತು.

ಹೇಳುವುದು ಸುಲಭ. ಎದ್ದು ಹೋಗದೆ ಕೂರುವುದು ಹೇಗೆ? ಮೊದಲ ವಾರ ಕುರ್ಚಿಯ ಕೈ ಹಿಡಿದು ಕೂರುತ್ತಿದ್ದೆ. ಅದಕ್ಕೊಂದು ದಾರಿ ತೋರಿಸಿದವರು ದಾದಾಪೀರಣ್ಣ. ತೋರಿಸಿದ್ದು ಅವರಿಗೇ ಗೊತ್ತಿಲ್ಲ.

ಒಂದು ಭಾನುವಾರ ಚಾಚಿ ಎಲೆ ತರಲು ಕಳಿಸಿದರು. ಈ ಸಲ ಚಪ್ಪಲಿಯನ್ನು ಬೇಲಿಯಿಂದ ಹತ್ತು ಮಾರು ದೂರವೇ ಬಿಟ್ಟೆ. ಅವರು ನೋಡಿ, “ಅಷ್ಟು ದೂರ ಬ್ಯಾಡಿತ್ತು, ನಾಯಿ ಒಯ್ದೀತು” ಎಂದರು. ನುಗ್ಗೆ ಮರಗಳಿಗೆ ಹಬ್ಬಿದ ಬಳ್ಳಿಯ ಕೆಳಗೆ ತಂಪಾಗಿತ್ತು. ಒದ್ದೆ ಗೋಣಿಯ ಮೇಲೆ ಎಲೆ ರಾಶಿ ಹಾಕಿಕೊಂಡು ಅವರು ನೂರು ನೂರು ಎಲೆಯ ಕಟ್ಟು ಕಟ್ಟುತ್ತಿದ್ದರು. ಬಾಯಿ ನನ್ನ ಜೊತೆ ಮಾತಾಡುತ್ತಿತ್ತು, ಬೆರಳು ಎಣಿಸುತ್ತಿದ್ದವು. ಎಣಿಸಿ ಮುಗಿದ ಮೇಲೆ ಇನ್ನೂ ಮೂರು ಎಲೆ ಮೇಲಿಟ್ಟು, ಬಾಳೆ ನಾರು ಸುತ್ತಿ, ಬಿಗಿದು, ಬುಟ್ಟಿಗೆ ಹಾಕುತ್ತಿದ್ದರು.

“ಇನ್ನೊಂದು ಸಲ ಎಣಿಸಿ ನೋಡಲ್ವಾ?” ಎಂದು ಕೇಳಿದೆ. ನನಗೆ ತಡೆಯಲಾಗಲಿಲ್ಲ.

“ಇಲ್ರಿ. ಒಂದ ಸಲ ಎಣಸ್ತೀವಿ. ಮ್ಯಾಲ ಮೂರು ಎಲಿ ಕೊಸರು. ಕಟ್ಟಿದ ಮ್ಯಾಲ ಬಿಚ್ಚಂಗಿಲ್ಲ. ನಮ್ಮ ತೋಟದಾಗ ಹಂಗ ಐತಿ.”

“ಎಣಿಕೆ ತಪ್ಪಿದೆ ಅಂತ ಅನುಮಾನ ಬಂದರೆ?”

“ಬರ್ತೈತಲ್ರಿ! ದಿನಾ ಬರ್ತೈತಿ. ನನ್ನ ತಲ್ಯಾಗೇನು ಕಂಪ್ಯೂಟರ್ ಐತೇನು? ಅದಕ್ಕಂತನ ಕೊಸರು ಹಾಕೂದು. ಬಿಚ್ಚಿ ಬಿಚ್ಚಿ ಎಣಸಾಕ ಕುಂತ್ರ ಎಲಿ ಮುರೀತಾವ, ಕೈಯ ಕಾವಿಗೆ ಬಾಡ್ತಾವ. ಎಣಿಕಿ ಸರಿ ಇದ್ದು ಎಲಿ ಬಾಡಿದ್ರ ಯಾರಿಗೆ ಬೇಕ್ರಿ?”

ನನ್ನ ಕಣ್ಣ ಮುಂದೆ ತಡಸದ ಅಂಗಳದಲ್ಲಿ ಚೆಲ್ಲಿದ ಆ ಔಷಧಿ ಬಂತು. ಅವರು ಇನ್ನೊಂದು ಕಟ್ಟಿಗೆ ಕೈ ಹಾಕಿದ್ದರು. ನಾನು ಅಲ್ಲೇ ಒಂದು ಗಂಟೆ ಕೂತು ನೋಡಿದೆ.

ಮರುದಿನದಿಂದ ಕಿಟಕಿಯಲ್ಲಿ ನನ್ನದೂ ಮೂರು ಕೊಸರೆಲೆ. ಚೀಟಿಯಲ್ಲಿರುವುದನ್ನು ಗಟ್ಟಿಯಾಗಿ ಓದುತ್ತೇನೆ. ಮಾತ್ರೆಯ ಮೇಲಿನ ಹೆಸರನ್ನೂ ಅವಧಿಯನ್ನೂ ಗಟ್ಟಿಯಾಗಿ ಓದುತ್ತೇನೆ. ಹೇಗೆ ತೆಗೆದುಕೊಳ್ಳಬೇಕೆಂದು ಹೇಳಿ, ಅವರ ಬಾಯಿಂದ ತಿರುಗಿ ಹೇಳಿಸುತ್ತೇನೆ. ಆಮೇಲೆ ಪೊಟ್ಟಣ ಮಡಿಚಿ ಕೊಡುತ್ತೇನೆ. ಕೊಟ್ಟ ಮೇಲೆ ಬಿಚ್ಚುವುದಿಲ್ಲ. “ಅಕ್ಕಾರು ಈಗ ಸಾಲಿ ತಗದಾರ” ಎಂದು, ನಾನು ಶಾಲೆಯನ್ನೇ ತೆರೆದೆನೆಂಬಂತೆ, ಸರದಿಯಲ್ಲಿ ನಿಂತವರು ತಮಾಷೆ ಮಾಡುತ್ತಾರೆ. ಮಾಡಲಿ.

ಮೊದಲ ನಿಜವಾದ ಪರೀಕ್ಷೆ ಬಂದದ್ದು ಹಿರೇಕೆರೂರು ಕಡೆಯ ಮಾಸೂರಿನ ಒಬ್ಬ ಹೆಂಗಸಿನಿಂದ. ನೆಂಟರ ಮನೆಗೆ ಬಂದವರು ಮೊಮ್ಮಗನಿಗೆ ಕೆಮ್ಮಿನ ಔಷಧಿ ತೆಗೆದುಕೊಂಡು, ಹಾವೇರಿ ಬಸ್ಸಿಗೆ ಹೊರಟರು. ನನ್ನ ಮೂರೂ ಎಲೆ ಹಾಕಿಯಾಗಿತ್ತು. ಆದರೂ ಚಾಪೆ ಬಂತು, ಮಗು ಬಂತು, ಬಾಟಲಿ ಬಂತು. ಬಸ್ ಸ್ಟ್ಯಾಂಡು ಹತ್ತೇ ನಿಮಿಷದ ದಾರಿ, ಓಡಿದರೆ ಬಸ್ಸು ಸಿಗುತ್ತದೆ. ಕಾಲು ತಾನಾಗಿ ಚಪ್ಪಲಿ ಹುಡುಕಿತು. ನಾನು ಚಪ್ಪಲಿಯನ್ನು ಮೇಜಿನ ಕೆಳಗೆ ದೂರಕ್ಕೆ ಒದ್ದು, ಮುಂದಿನವರ ಚೀಟಿ ತೆಗೆದುಕೊಂಡೆ. ಬಸ್ಸಿನ ಹಾರನ್ನು ಕೇಳಿಸಿತು. ಚೀಟಿಯನ್ನು ಇನ್ನಷ್ಟು ಗಟ್ಟಿಯಾಗಿ ಓದಿದೆ. ಏಳೆಂಟು ಮಂದಿಗೆ ಔಷಧಿ ಕೊಟ್ಟು ತಲೆ ಎತ್ತಿದಾಗ ಆ ಚಿತ್ರ ಅಲ್ಲೇ ಇತ್ತು, ಆದರೆ ಬಣ್ಣ ಹೋಗಿತ್ತು. ಸಂಜೆ ಚಾಚಿಗೆ ಹೇಳಿದೆ. ಅವರು ನನ್ನ ತಟ್ಟೆಗೆ ಒಂದು ಹಿಡಿ ಖಾರ ಹೆಚ್ಚಿಗೆ ಹಾಕಿದರು.

ಅದು ಪೂರ್ತಿ ಹೋಗಿದೆಯೇ ಎಂದು ಕೇಳಿದರೆ, ಇಲ್ಲ. ಬರುತ್ತದೆ. ಮಳೆಗಾಲದ ನೊಣದ ಹಾಗೆ ಸುತ್ತುತ್ತದೆ, ಸುಸ್ತಾಗಿ ಎಲ್ಲೋ ಕೂರುತ್ತದೆ. ನಾನು ಬೆನ್ನಟ್ಟುವುದಿಲ್ಲ. ಹಾನಗಲ್ಲಿನ ಬಸ್ಸು ಈಗ ಬರೀ ಹಾನಗಲ್ಲಿನ ಬಸ್ಸು. ಕಳೆದ ವರ್ಷ ಅದರಲ್ಲೇ ಕೂತು, ಯಾರ ಮನೆಯನ್ನೂ ಹುಡುಕುವ ಕೆಲಸವಿಲ್ಲದೆ, ಹಾನಗಲ್ಲಿನ ಹಳೆಯ ಗುಡಿ ನೋಡಿ ಬಂದೆ. ಯಲ್ಲವ್ವನಿಗೂ ನಡೆದದ್ದನ್ನು ಹೇಳಿ ತಪ್ಪೊಪ್ಪಿಕೊಂಡೆ. “ಅಯ್ಯ, ಇಷ್ಟ ಏನ್ರಿ? ನಮ್ಮತ್ತಿಗೂ ಹೇಳ್ತೇನಿ ತಗೋರಿ, ದಿನಾ ಹತ್ತು ಸಲ ಕೀಲಿ ಜಗ್ಗಿ ನೋಡ್ತಾರ” ಎಂದಳು.

ಹೀಗೆ ಎಲ್ಲ ಒಂದು ಹದಕ್ಕೆ ಬಂದಿರುವಾಗ, ನಾನು ಮರೆತೇಬಿಟ್ಟಿದ್ದ ಅರ್ಜಿಗೆ ಉತ್ತರ ಬಂತು. ಕೊಳ್ಳೇಗಾಲದ ಹತ್ತಿರವೇ ಜಾಗ ಖಾಲಿಯಿದೆ, ಒಪ್ಪಿಗೆಯೇ ತಿಳಿಸಿ ಎಂದು. ಎರಡು ದಿನ ಯೋಚಿಸಿದೆ. ಅಲ್ಲಿ ತಂಗಿ ಇದ್ದಾಳೆ, ಅವಳ ಮಗಳು ಬೆಳೆಯುತ್ತಿದ್ದಾಳೆ, ನನ್ನ ಭಾಷೆ ಇದೆ. ಇಲ್ಲಿ ಚಾಚಿ, ಎಣ್ಣೆಯ ವಾಸನೆಯ ಬೆಳಗು, ಆ ಕಿಟಕಿ. ಎಲ್ಲಿ ಕೆಟ್ಟಿದ್ದೆನೋ ಅಲ್ಲೇ ನೆಟ್ಟಗಾಗಿದ್ದೆ. ಆ ಜಾಗ ಬಿಡಲು ಮನಸ್ಸು ಬರಲಿಲ್ಲ. ಸದ್ಯಕ್ಕೆ ಬೇಡವೆಂದು ಬರೆದು ಕೊಟ್ಟೆ. ಒಂದೇ ಸಲ ಓದಿ, ಲಕೋಟೆ ಅಂಟಿಸಿದೆ.

ಹೇಳಲು ನಾನೇ ಊರಿಗೆ ಹೋದೆ. ದಾದಾಪೀರಣ್ಣ “ತಂಗ್ಯಾರಿಗೆ ಕೊಡ್ರಿ” ಎಂದು ಒಂದು ಕಟ್ಟು ಎಲೆ ಕೊಟ್ಟಿದ್ದರು. ವನಜಾ ಸಿಟ್ಟು ಮಾಡಿಕೊಂಡಳು, ಅತ್ತಳು, ಆಮೇಲೆ ಒರಟಾಗಿ ಎಲೆಯ ಕಟ್ಟನ್ನು ಎಳೆದುಕೊಂಡು ನಾರು ಬಿಚ್ಚಿದಳು. ಸಿಟ್ಟು ಇಳಿಸಿಕೊಳ್ಳಲೋ ಏನೋ, ಒಂದೊಂದೇ ಎಲೆ ಒರೆಸುತ್ತ ಎಣಿಸತೊಡಗಿದಳು. ನಾನು ಅವಳ ಬೆರಳುಗಳನ್ನೇ ನೋಡಿದೆ.

“ನೂರಾ ಎರಡಿದೆ ಕಣಕ್ಕ. ಎರಡು ಜಾಸ್ತಿ ಹಾಕಿಬಿಟ್ಟಿದ್ದಾರೆ, ಪಾಪ.”

ನನಗೆ ನಗು ಉಕ್ಕಿ ಬಂತು. ನೂರಾ ಮೂರಿರಬೇಕಿತ್ತು. ನಲವತ್ತು ವರ್ಷ ಎಲೆ ಎಣಿಸಿದ ದಾದಾಪೀರಣ್ಣನ ಕೈಯೂ ಒಂದು ಎಲೆ ತಪ್ಪಿತ್ತು. ಆದರೂ ನಮ್ಮ ಮಡಿಲಿಗೆ ನೂರು ತುಂಬಿಯೇ ಬಂದಿತ್ತು, ಮೇಲೆ ಎರಡು. ಯಾಕೆ ನಗುತ್ತಿದ್ದೇನೆಂದು ಕೇಳಿದ ತಂಗಿಗೆ ಎಲ್ಲವನ್ನೂ ಮೊದಲಿಂದ ಹೇಳಿದೆ. ಕೇಳುತ್ತ ಕೇಳುತ್ತ ಅವಳು ನನಗೊಂದು ಎಲೆ ಮಡಿಚಿ ಕೊಟ್ಟಳು.

ಹೊರಡುವ ದಿನ ಬಸ್ಸು ಹತ್ತಿ ಕೂತ ಮೇಲೆ, ಕಿಟಕಿಯಾಚೆ ತಂಗಿ ಕೈ ಬೀಸುವಾಗ, ಬೇಡ ಎಂದು ಬರೆದದ್ದು ತಪ್ಪಾಯಿತೇನೋ ಎಂಬ ಯೋಚನೆ ಬಂತು. ತಪ್ಪಿರಲೂಬಹುದು. ಇಳಿದು ಹೋಗಿ ಇನ್ನೊಮ್ಮೆ ಅವಳ ಮುಖ ನೋಡಬೇಕೆನಿಸಿತು. ಕೂತೇ ಇದ್ದೆ. ಬಸ್ಸು ಹೊರಟಿತು.

ಹೆಂಗಸರ ಉಚಿತ ಟಿಕೆಟ್ಟಿಗೆ ಆಧಾರ್ ಕಾರ್ಡು ತೋರಿಸಿದೆ. “ಎಲ್ಲಿಗೆ ಮೇಡಂ?” ಎಂದು ಕಂಡಕ್ಟರು ಕೇಳಿದರು.

“ಊರಿಗೆ” ಎಂದೆ.

“ಯಾವ ಊರಿಗೆ?”

ಹಿಂದಕ್ಕೆ ಸರಿಯುತ್ತಿದ್ದ ಕೊಳ್ಳೇಗಾಲವನ್ನು ಒಮ್ಮೆ ನೋಡಿದೆ. ಸವಣೂರಿನ ದಾರಿಗೆ ಮೈಸೂರಿನಲ್ಲಿ ಬಸ್ಸು ಬದಲಿಸಬೇಕು. “ಸದ್ಯಕ್ಕೆ ಮೈಸೂರಿಗೆ ಕೊಡ್ರಿ” ಎಂದೆ.